ಮರಳಿ ಬರುವ ತಾಟು

ಶ್ರಾವಣ ಹುಟ್ಟಿದ ಮೊದಲ ವಾರ, ನಾಗಪ್ಪಗೆ ಹಾಲೆರೆಯುವ ಮುನ್ನಾದಿನ, ಧಾರವಾಡ ಸೀಮೆಯ ಓಣಿಗಳಲ್ಲಿ ನಸುಕಿನಿಂದಲೇ ರೊಟ್ಟಿ ಬಡಿಯುವ ಸದ್ದು ಕೇಳಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಆ ಸದ್ದು ಅಡಗಿ, ಅರಿವೆ ಮುಚ್ಚಿದ ತಾಟುಗಳು ಹೊಸ್ತಿಲು ದಾಟಿ ಹೊರಡುತ್ತವೆ. ತಾಟಿನಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಬಿಳಿಜೋಳದ ರೊಟ್ಟಿ, ಮಡಿಕೆಕಾಳಿನ ಪಲ್ಯ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ. ಇದು ರೊಟ್ಟಿ ಪಂಚಮಿ. ಪಂಚಮಿಗೆ ಒಲೆಯ ಮೇಲೆ ಹಂಚು ಇಡಬಾರದು, ಹುರಿಯಬಾರದು, ಕರಿಯಬಾರದು ಎಂಬ ಕಟ್ಟು ಇರುವುದರಿಂದ ಮೊದಲೇ ರೊಟ್ಟಿ ಮಾಡಿಡುವ ರೂಢಿ ಬಂದಿರಬಹುದು. ಆದರೆ ಮಾಡಿಟ್ಟುಕೊಂಡು ತಮ್ಮಷ್ಟಕ್ಕೆ ಉಂಡಿದ್ದರೆ ಅದು ಅಡಿಗೆಯ ಅನುಕೂಲವಾಗುತ್ತಿತ್ತೇ ಹೊರತು ಹಬ್ಬವಾಗುತ್ತಿರಲಿಲ್ಲ. ಹಬ್ಬವಾದದ್ದು ತಾಟು ಹೊರಬಿದ್ದದ್ದರಿಂದ. ನಮ್ಮ ಹೆಣ್ಣುಮಕ್ಕಳು ಇದಕ್ಕೆ ‘ರೊಟ್ಟಿ ಬೀರೂದು’ ಎನ್ನುತ್ತಾರೆ. ಕೊಡುವುದು, ನೀಡುವುದು, ಹಂಚುವುದು ಎಂಬ ಮಾತುಗಳೆಲ್ಲ ಇದ್ದೂ ಈ ಕೆಲಸಕ್ಕೆ ಅವರು ಆರಿಸಿಕೊಂಡದ್ದು ಬೀರುವುದು ಎಂಬ ಮಾತನ್ನು. ಹೂವು ಪರಿಮಳ ಬೀರುತ್ತದೆ, ಮುಖ ನಗೆ ಬೀರುತ್ತದೆ. ಅಲ್ಲಿ ಕೊಡುವವರ ದೊಡ್ಡಸ್ತಿಕೆಯೂ ಇಲ್ಲ, ಪಡೆಯುವವರ ಸಣ್ಣತನವೂ ಇಲ್ಲ.

ನೆರೆಹೊರೆಯವರು ಕಾಲಕಾಲಕ್ಕೆ ಕೂಡಬೇಕು ಎಂದು ಯಾರಾದರೂ ಹೇಳಿದರೆ ಇಂದು ನಮ್ಮ ಕಣ್ಣಿಗೆ ಬರುವುದು ಮಂಟಪ, ಮೈಕು, ಸಾಲಾಗಿ ಇಟ್ಟ ಖುರ್ಚಿ, ವೇದಿಕೆಯ ಮೇಲೆ ನಾಲ್ಕು ಜನ ಗಣ್ಯರು. ಅದು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಒಂದು ಓಣಿಯನ್ನು ಓಣಿಯಾಗಿ ಉಳಿಸುವ ಕೆಲಸ ಅಲ್ಲಿ ನಡೆಯುವುದಿಲ್ಲ, ಬಾಗಿಲಿಂದ ಬಾಗಿಲಿಗೆ ಹೋಗಿ ಮರಳಿ ಬರುವ ಆ ಸಣ್ಣ ತಾಟಿನಲ್ಲಿ ನಡೆಯುತ್ತದೆ ಎಂಬುದು ನನ್ನ ವಾದ. ಈ ಹೊತ್ತು ಅದನ್ನು ಸಾಧಿಸಿ ತೋರಿಸುವ ಪ್ರಯತ್ನ ಮಾಡುತ್ತೇನೆ, ಅದಕ್ಕೆ ಬರಬಹುದಾದ ಆಕ್ಷೇಪಗಳನ್ನೂ ಎದುರಿಗಿಟ್ಟುಕೊಳ್ಳುತ್ತೇನೆ.

ಉದಾಹರಣೆಗೆ ಗೋಪನಕೊಪ್ಪವನ್ನು ತೆಗೆದುಕೊಳ್ಳೋಣ. ಕೊಪ್ಪ ಎಂದರೆ ಸಣ್ಣ ಹಳ್ಳಿ. ಹುಬ್ಬಳ್ಳಿಯಲ್ಲಿ ಹೆಸರಿನ ಕೊನೆಗೆ ಕೊಪ್ಪ ಹೊತ್ತ ಊರುಗಳು ಹಲವು: ಭೈರಿದೇವರಕೊಪ್ಪ, ನಾಗಶೆಟ್ಟಿಕೊಪ್ಪ, ಗೋಪನಕೊಪ್ಪ. 1962ರಲ್ಲಿ ಹುಬ್ಬಳ್ಳಿ ಮತ್ತು ಧಾರವಾಡ ಕೂಡಿ ಒಂದೇ ಪಾಲಿಕೆಯಾದವು. ಆ ಜೋಡಿ ನಗರ ಬೆಳೆಯುತ್ತ ಸುತ್ತಲಿನ ಹಳ್ಳಿಗಳನ್ನು ತನ್ನೊಳಗೆ ಸೇರಿಸಿಕೊಂಡಿತು; 2011ರ ಜನಗಣತಿಯ ಹೊತ್ತಿಗೆ ಅದರ ಜನಸಂಖ್ಯೆ 9 ಲಕ್ಷ 43 ಸಾವಿರ ದಾಟಿತ್ತು. ಗೋಪನಕೊಪ್ಪದ ಒಂದು ಮಗ್ಗುಲಿಗೆ ಕೇಶ್ವಾಪುರ, ಇನ್ನೊಂದು ಮಗ್ಗುಲಿಗೆ ಖಾದಿ ರಾಷ್ಟ್ರಧ್ವಜಕ್ಕೆ ಹೆಸರಾದ ಬೆಂಗೇರಿ. 2003ರಲ್ಲಿ ನೈರುತ್ಯ ರೈಲ್ವೆ ವಲಯ ಹುಬ್ಬಳ್ಳಿಯನ್ನು ಕೇಂದ್ರ ಮಾಡಿಕೊಂಡ ಮೇಲೆ ಊರಿಗೆ ಬಂದು ನೆಲೆಸುವ ಪರಸ್ಥಳದವರೂ ಹೆಚ್ಚಿದರು. ಹೀಗೆ ಕೊಪ್ಪವೆಂಬ ಹೆಸರು ಉಳಿದು, ಆಡಳಿತದಲ್ಲಿ ಅದು ವಾರ್ಡಿನ ಭಾಗವಾಯಿತು. ಇಂಥ ಕಡೆ ಎರಡು ಬಗೆಯ ಬಾಗಿಲುಗಳು ಎದುರುಬದುರಾಗಿ ನಿಲ್ಲುತ್ತವೆ. ಒಂದು, ಕಟ್ಟೆಯಿದ್ದು ಹಗಲೆಲ್ಲ ತೆರೆದಿರುವ ಹಳೆಯ ಮನೆಯ ಬಾಗಿಲು. ಇನ್ನೊಂದು, ಗೇಟು ಹಾಕಿ, ಒಳಗೆ ಜಾಳಿಗೆ ಹಾಕಿ, ಕರೆಗಂಟೆ ಒತ್ತಿದರೆ ಮಾತ್ರ ತೆರೆಯುವ ಹೊಸ ಬಡಾವಣೆಯ ಬಾಗಿಲು. ಹಳ್ಳಿಯ ಋತುಮಾನದ ಕೂಟಗಳಿಗೆ ಏನಾಗುತ್ತದೆ ಎಂದು ನೋಡಲು ದೂರದ ಹಳ್ಳಿಗಿಂತ ಇಂಥ ಕೊಪ್ಪವೇ ಸರಿಯಾದ ಜಾಗ. ಇಲ್ಲಿ ಉಳಿದದ್ದು ಎಲ್ಲಿಯೂ ಉಳಿದೀತು.

ಈ ಕೂಟಗಳು ಋತುವನ್ನು ಹಿಡಿದು ಬಂದದ್ದು ಯಾಕೆ ಎಂಬುದನ್ನು ಮೊದಲು ನೋಡಬೇಕು. ಇದು ಎರೆಮಣ್ಣಿನ ಸೀಮೆ. ಮುಂಗಾರಿಗೆ ಹೆಸರು, ಶೇಂಗಾ, ಹತ್ತಿ. ಹಿಂಗಾರಿಗೆ ಬಿಳಿಜೋಳ, ಗೋದಿ, ಕಡಲೆ, ಕುಸುಬಿ. ಹಬ್ಬಗಳ ಸಾಲನ್ನು ಈ ಬೆಳೆಗಳ ಪಕ್ಕದಲ್ಲಿಟ್ಟು ನೋಡಿದರೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದಿರುವುದು ಕಾಣುತ್ತದೆ. ಕಾರಹುಣ್ಣಿಮೆಗೆ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿಯುತ್ತಾರೆ. ಮುಂಗಾರು ಬಿತ್ತಿಗೆಯ ದಿನಗಳು ಅವು. ಮುಂದಿನ ಅಮಾಸಿಗೆ ಮನೆಮನೆಯಲ್ಲೂ ಮಣ್ಣಿನ ಎತ್ತು. ಪಂಚಮಿಯ ಹೊತ್ತಿಗೆ ಬಿತ್ತಿದ್ದು ಮೇಲೆದ್ದಿರುತ್ತದೆ, ಕೈಗೆ ಇನ್ನೂ ಬಂದಿರುವುದಿಲ್ಲ. ಹಿಂದಿನ ಮಾಗಿಯ ಜೋಳ ಕರಗುತ್ತ ಬಂದಿರುತ್ತದೆ. ಶೀಗಿ ಹುಣ್ಣಿಮೆಗೆ ಹಸಿರು ತುಂಬಿದ ಹೊಲಕ್ಕೆ ಬುತ್ತಿ ಒಯ್ದು ಚರಗ ಚೆಲ್ಲುತ್ತಾರೆ. ಎಳ್ಳಮಾಸಿಗೆ ಮತ್ತೆ ಚರಗ, ಈ ಸಲ ಹಿಂಗಾರಿ ಜೋಳದ ನಡುವೆ. ಸಂಕ್ರಮಣಕ್ಕೆ ಕುಸುರೆಳ್ಳು. ನಡುವೆ ದಸರೆಯ ಬನ್ನಿ, ದೀಪಾವಳಿ, ಕೊನೆಗೆ ಕಾಮಣ್ಣನ ಹುಣ್ಣಿಮೆ, ಯುಗಾದಿಯ ಬೇವು. ಲೆಕ್ಕ ಹಾಕಿದರೆ ಒಂದರಿಂದ ಇನ್ನೊಂದಕ್ಕೆ ಕೆಲವು ದಿನ, ಇಲ್ಲವೇ ಒಂದೆರಡು ತಿಂಗಳು, ಹೆಚ್ಚೆಂದರೆ ಎರಡೂವರೆ. ಒಂದು ಮನೆಯ ಬಾಗಿಲಿಗೆ ಪಕ್ಕದ ಮನೆಯವರು ಬಂದು ನಿಲ್ಲದೆ ಮೂರು ತಿಂಗಳು ಕಳೆಯಲು ಈ ಪಂಚಾಂಗ ಸಾಮಾನ್ಯವಾಗಿ ಬಿಡುವುದಿಲ್ಲ. ಜಗಳವಾಗಿ ಮಾತು ಬಿಟ್ಟವರಿಗೂ, ಯಾರು ಮೊದಲು ಮಾತಾಡಬೇಕು ಎಂದು ಬಿಗಿಹಿಡಿದು ಕೂತವರಿಗೂ ಒಂದು ದಿನ ಬಂದೇ ಬರುತ್ತದೆ. ಆ ದಿನ ಹೋದರೆ ಸೋತಂತಲ್ಲ, ಯಾಕೆಂದರೆ ಕಳಿಸಿದ್ದು ಹಬ್ಬ. ಹೋಗಲು ನೆಪ ಹುಡುಕಬೇಕಾದ ಕಷ್ಟವನ್ನು ಋತು ತಾನು ಹೊತ್ತುಕೊಂಡಿದೆ.

ಈ ಸಣ್ಣ ವಿನಿಮಯಗಳ ಒಳಗಿನ ಕಟ್ಟನ್ನು ಬನ್ನಿಯಲ್ಲಿ ಸ್ಪಷ್ಟವಾಗಿ ಕಾಣಬಹುದು. ವಿಜಯದಶಮಿಯ ಸಂಜೆ ಬನ್ನಿ ಮುರಿದು ತಂದು ಮನೆಮನೆಗೆ ಹೋಗಿ, ಬನ್ನಿ ತಗೊಂಡು ಬಂಗಾರದಂಗ ಇರೂಣು ಎಂದು ಕೈಗಿಡುತ್ತಾರೆ. ಕಿರಿಯರು ಕಾಲು ಮುಟ್ಟುತ್ತಾರೆ, ಸರೀಕರು ಎದೆಗೆ ಎದೆ ತಾಗಿಸುತ್ತಾರೆ. ಬನ್ನಿಯೆಲೆಗೆ ಪೇಟೆಯಲ್ಲಿ ಹೇಳಿಕೊಳ್ಳುವಂಥ ಬೆಲೆಯಿಲ್ಲ. ಹೀಗಾಗಿ ಸಾಹುಕಾರ ಕೊಟ್ಟ ಎಲೆ ಕೂಲಿಯವನು ಕೊಟ್ಟ ಎಲೆಗಿಂತ ಹೆಚ್ಚಿನದಾಗಲು ಸಾಧ್ಯವಿಲ್ಲ. ಅದನ್ನು ಕೊಡಲು ನಡೆದುಕೊಂಡೇ ಹೋಗಬೇಕು, ಕೈಯಿಂದ ಕೈಗೇ ಇಡಬೇಕು. ಕೊಟ್ಟವರಿಗೆ ಅದನ್ನೇ ಮರಳಿ ಕೊಡಬೇಕು; ಎಲೆಗೆ ಎಲೆ, ಎಳ್ಳಿಗೆ ಎಳ್ಳು, ರೊಟ್ಟಿಗೆ ರೊಟ್ಟಿ. ವ್ಯವಹಾರದ ಕಣ್ಣಿನಿಂದ ನೋಡಿದರೆ ಸಂಜೆಯ ಹೊತ್ತಿಗೆ ಯಾರಿಗೂ ಏನೂ ಲಾಭವಾಗಿಲ್ಲ, ಎಲ್ಲರ ಮನೆಯಲ್ಲೂ ಇದ್ದದ್ದೇ ಇದೆ. ಆದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಹೊಸ್ತಿಲಿಗೆ ಹೋಗಿ ಬಂದಿದ್ದಾರೆ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೌಸ್ 1925ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಉಡುಗೊರೆಯೆಂಬುದು ಮನಸ್ಸು ಬಂದಾಗ ಕೊಡುವ ವಸ್ತುವಲ್ಲ, ಅದರಲ್ಲಿ ಕೊಡುವ, ಪಡೆಯುವ, ಮರಳಿಸುವ ಮೂರು ಹೊಣೆಗಳಿವೆ ಎಂದು ವಾದಿಸಿದ. ಕನ್ನಡದಲ್ಲಿ ಆ ಮೂರನ್ನೂ ಒಳಗೊಂಡ ಪದ ಮೊದಲೇ ಇದೆ: ಮುಯ್ಯಿ. ಮದುವೆಯಲ್ಲಿ ಮಾಡುವುದು ಮುಯ್ಯಿ; ಇವರ ಹೊಲದ ಕೆಲಸಕ್ಕೆ ಅವರು, ಅವರ ಹೊಲದ ಕೆಲಸಕ್ಕೆ ಇವರು ಹೋದರೆ ಮುಯ್ಯಾಳು. ಹಗೆ ತೀರಿಸಿಕೊಂಡರೆ ಅದೂ ಮುಯ್ಯಿಯೇ. ಕೊಟ್ಟದ್ದು ಮರಳುತ್ತದೆ, ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಎಂಬ ತಿಳಿವಳಿಕೆ ಆ ಒಂದೇ ಪದದಲ್ಲಿದೆ. ರೊಟ್ಟಿಯ ಮುಯ್ಯಿ ನಡೆಯುತ್ತಿರುವ ಓಣಿಯಲ್ಲಿ ಹಗೆಯ ಮುಯ್ಯಿಗೆ ಅವಕಾಶ ಕಡಿಮೆ.

ದೊಡ್ಡ ಉತ್ಸವಗಳು ಇದೇ ಕೆಲಸವನ್ನು ಇನ್ನೂ ಹೆಚ್ಚಿನ ಪ್ರಮಾಣದಲ್ಲಿ ಮಾಡುವುದಿಲ್ಲವೇ ಎಂದು ಕೇಳಬಹುದು. ಹುಬ್ಬಳ್ಳಿಗೆ ದೊಡ್ಡ ಉತ್ಸವಗಳ ಕೊರತೆಯಿಲ್ಲ. ತಿಲಕರು 1893ರಲ್ಲಿ ಪುಣೆಯಲ್ಲಿ ಹುರುಪು ತುಂಬಿದ ಸಾರ್ವಜನಿಕ ಗಣೇಶೋತ್ಸವ ಮುಂಬಯಿ ಪ್ರಾಂತದ ಭಾಗವಾಗಿದ್ದ ನಮ್ಮ ಕಡೆಗೂ ಬಂದು ಬೇರೂರಿತು. ರಂಗಪಂಚಮಿಯ ದಿನ ಇಡೀ ಹುಬ್ಬಳ್ಳಿ ಬಣ್ಣದಲ್ಲಿ ಮೀಯುತ್ತದೆ. ಸಿದ್ಧಾರೂಢರ ಜಾತ್ರೆಗೆ ಲೆಕ್ಕವಿಲ್ಲದಷ್ಟು ಜನ ನೆರೆಯುತ್ತಾರೆ. ಇವುಗಳಿಂದ ಊರಿಗೆ ಊರೆಂಬ ಅಭಿಮಾನ ಬರುತ್ತದೆ, ಅದು ಸಣ್ಣ ಮಾತಲ್ಲ. ಆದರೆ ಅಲ್ಲಿ ಮನುಷ್ಯ ಮಂದಿಯೊಳಗೆ ಒಬ್ಬ. ಅವನು ಬಾರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಬನ್ನಿ ಕೊಡಲು ಈ ವರ್ಷ ಮೂಲೆಮನೆಯ ಅಜ್ಜ ಬರಲಿಲ್ಲ ಎಂಬುದು ಮಾತ್ರ ಆ ಸಂಜೆಯೇ ತಿಳಿಯುತ್ತದೆ. ಮೈಗೆ ಹುಷಾರಿಲ್ಲವೇನೋ ಎಂದು ಯಾರಾದರೂ ಹೋಗಿ ನೋಡುತ್ತಾರೆ. ಬಾರದಿದ್ದವರನ್ನು ಗುರುತಿಸುವ ಕೂಟಕ್ಕೂ ಬಂದವರನ್ನು ಮಾತ್ರ ಎಣಿಸುವ ಕೂಟಕ್ಕೂ ಇರುವ ಅಂತರ ಇದು. ಇನ್ನೊಂದು ಅಂತರವೂ ಇದೆ. ದೊಡ್ಡ ಉತ್ಸವಕ್ಕೆ ವರ್ಗಣಿ ಎತ್ತಬೇಕು. ವರ್ಗಣಿ ಹೆಚ್ಚು ಕೊಟ್ಟವರ ಹೆಸರು ಮೊದಲು ಬರುತ್ತದೆ. ರೊಟ್ಟಿಗೆ ಆ ಪಟ್ಟಿ ಇಲ್ಲ.

ನೆರೆಯವರಿಗೆ ನೆರೆಯವರ ಮುಖಪರಿಚಯ ಇರುವುದು ಬರಿಯ ಸೌಜನ್ಯದ ಮಾತಲ್ಲ, ಅದು ಪ್ರಾಣದ ಪ್ರಶ್ನೆಯೂ ಆಗಬಲ್ಲದು. 1995ರ ಜುಲೈ ತಿಂಗಳಲ್ಲಿ ಅಮೆರಿಕದ ಶಿಕಾಗೊ ನಗರದಲ್ಲಿ ಬಿಸಿಗಾಳಿಯ ಹೊಡೆತಕ್ಕೆ ಕೆಲವೇ ದಿನಗಳಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಬಹಳ ಮಂದಿ ಒಂಟಿಯಾಗಿ ಬಾಳುತ್ತಿದ್ದ ಮುದುಕರು. ಎರಿಕ್ ಕ್ಲಿನೆನ್‌ಬರ್ಗ್ ಎಂಬ ಸಮಾಜಶಾಸ್ತ್ರಜ್ಞ ಅದನ್ನು ಅಭ್ಯಾಸ ಮಾಡಿ 2002ರಲ್ಲಿ ಪುಸ್ತಕ ಬರೆದ. ಅವನು ಒಂದಕ್ಕೊಂದು ತಾಗಿಕೊಂಡಿದ್ದ ಎರಡು ಬಡಾವಣೆಗಳನ್ನು ಹೋಲಿಸಿದ. ಎರಡರಲ್ಲೂ ಬಡವರು ಹೆಚ್ಚು, ಒಂಟಿ ಮುದುಕರೂ ಹೆಚ್ಚುಕಡಿಮೆ ಅಷ್ಟೇ, ಸುಡುವ ಬಿಸಿಲು ಒಂದೇ. ಆದರೂ ಸಾವಿನ ಪ್ರಮಾಣದಲ್ಲಿ ಸುಮಾರು ಹತ್ತು ಪಟ್ಟು ಅಂತರ. ಕಡಿಮೆ ಸಾವು ಕಂಡ ಕಡೆ ಬೀದಿಗಳಲ್ಲಿ ಅಂಗಡಿಗಳಿದ್ದವು, ಜನ ಹೊರಗೆ ಓಡಾಡುತ್ತಿದ್ದರು, ಮುದುಕರು ಹೊರಗೆ ಬರಲು ಅಂಜುತ್ತಿರಲಿಲ್ಲ. ಇನ್ನೊಂದು ಕಡೆ ಪಾಳುಬಿದ್ದ ಮನೆಗಳು, ಬಯಲಾದ ಜಾಗಗಳು, ಮುಚ್ಚಿದ ಬಾಗಿಲುಗಳು. ಶಿಕಾಗೊದಲ್ಲಿ ಪಂಚಮಿ ಇರಲಿಲ್ಲ, ನಿಜ. ಅಲ್ಲಿ ಜನರನ್ನು ಹೊಸ್ತಿಲಾಚೆ ತಂದದ್ದು ಜೀವಕಳೆಯಿದ್ದ ಬೀದಿ. ಆದರೆ ಹೊಸ್ತಿಲು ದಾಟುವ ರೂಢಿ ಇದ್ದ ಕಡೆ ಆಪತ್ತಿನ ದಿನವೂ ದಾಟುತ್ತಾರೆ ಎಂಬುದು ಆ ಅಧ್ಯಯನದಿಂದ ನಾವು ತೆಗೆದುಕೊಳ್ಳಬಹುದಾದ ಮಾತು.

ಇದಕ್ಕೆ ನಮ್ಮದೇ ನೆಲದ ನಿದರ್ಶನವೂ ಉಂಟು. 2019ರಲ್ಲಿ ನಾಗರ ಪಂಚಮಿ ಆಗಸ್ಟ್ 5ಕ್ಕೆ ಬಂದಿತ್ತು. ಅದೇ ವಾರ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ದಂಡೆ ಮೀರಿ ಬೆಳಗಾವಿ, ಬಾಗಲಕೋಟೆ, ಗದಗ, ಧಾರವಾಡ ಜಿಲ್ಲೆಗಳ ಊರುಗಳು ನೀರಿನಲ್ಲಿ ನಿಂತವು. ಆಗ ನೀರು ತಾಗದ ಊರುಗಳಿಂದ ರೊಟ್ಟಿಯ ಗಂಟುಗಳು ಹೊರಟವು. ಒಲೆ ಹೊತ್ತಿಸಲಾಗದ ಮಂದಿಗೆ ಕಟಕಲು ರೊಟ್ಟಿಗಿಂತ ಒದಗುವ ಆಹಾರ ಇನ್ನೊಂದಿಲ್ಲ. ಅದು ದಿನಗಟ್ಟಲೆ ಕೆಡುವುದಿಲ್ಲ, ಹಿಂಡಿಯೊಂದಿದ್ದರೆ ಸಾಕು. ಇಷ್ಟು ಮಂದಿಯ ಕೈ ಒಮ್ಮೆಗೇ ಹಿಟ್ಟು ನಾದುವ ಕೊಣಮಿಗೆಗೆ ಬಿದ್ದದ್ದು ಹೇಗೆ? ಯಾವ ಮನೆಯಲ್ಲಿ ಎಷ್ಟು ಹಿಟ್ಟಿದೆ, ಯಾರು ಬೇಗ ಬಡಿಯುತ್ತಾರೆ, ಯಾರ ಕಟ್ಟೆಯ ಮೇಲೆ ಎಲ್ಲರೂ ಕೂಡಬಹುದು ಎಂಬುದನ್ನು ಓಣಿಯ ಹೆಣ್ಣುಮಕ್ಕಳು ಆ ದಿನ ಹೊಸದಾಗಿ ತಿಳಿದುಕೊಳ್ಳಬೇಕಾಗಿರಲಿಲ್ಲ. ವರ್ಷಾವರ್ಷ ರೊಟ್ಟಿ ಪಂಚಮಿ ಅವರಿಗೆ ಅದನ್ನು ಕಲಿಸಿತ್ತು.

ಈಗ ಆಕ್ಷೇಪಗಳು. ಮೊದಲನೆಯದು ಎಲ್ಲಕ್ಕಿಂತ ಭಾರವಾದದ್ದು. ಈ ತಾಟು ಎಲ್ಲರ ಬಾಗಿಲಿಗೂ ಹೋಗುತ್ತಿತ್ತೇ? ಹೋಗುತ್ತಿರಲಿಲ್ಲ. ಹಳ್ಳಿಯ ಓಣಿಗಳು ಜಾತಿಯ ಓಣಿಗಳೂ ಆಗಿದ್ದವು. ಕೇರಿ ಊರಿನ ಹೊರಗಿತ್ತು. ಅಟ್ಟ ಅಡಿಗೆ ಯಾರ ಕೈಯಿಂದ ಯಾರ ಮನೆಗೆ ಹೋಗಬಹುದು ಎಂಬುದಕ್ಕೆ ಕಟ್ಟುನಿಟ್ಟಾದ ಗೆರೆಗಳಿದ್ದವು. ಹಬ್ಬದ ದಿನ ಕೆಲವರು ತಾಟು ಹಿಡಿದು ಬಂದರೆ, ಇನ್ನು ಕೆಲವರು ಅಂಗಳದಲ್ಲಿ ನಿಂತು ಸೆರಗೊಡ್ಡಬೇಕಾಗಿತ್ತು. ಸುಗ್ಗಿಯ ಕಣದಲ್ಲಿ ಆಯಗಾರರಿಗೆ ಕೊಡುತ್ತಿದ್ದ ಕಾಳೂ ನೆರೆಹೊರೆಯ ಪ್ರೀತಿಯಲ್ಲ, ವರ್ಷದ ದುಡಿಮೆಯ ಕೂಲಿ. ಹಲವು ಕಡೆ ಅದನ್ನೂ ದಾನವೆಂಬಂತೆ ಕೊಡುತ್ತಿದ್ದರು. ಇದನ್ನು ಮರೆಮಾಚಿ ಹಳ್ಳಿಯ ಒಗ್ಗಟ್ಟಿನ ಗುಣಗಾನ ಮಾಡುವುದು ಅನ್ಯಾಯ. ಆದರೆ ಈ ಆಕ್ಷೇಪ ನನ್ನ ವಾದವನ್ನು ಮುರಿಯುವುದಿಲ್ಲ, ಅದನ್ನು ಇನ್ನಷ್ಟು ಚೂಪು ಮಾಡುತ್ತದೆ ಎಂದು ನನಗೆ ಅನ್ನಿಸುತ್ತದೆ. ತಾಟಿಗೂ ಸೆರಗಿಗೂ ಇರುವ ವ್ಯತ್ಯಾಸ ನೋಡಿ. ತಾಟು ಮರಳಿ ಬರಬೇಕು, ತುಂಬಿ ಬರಬೇಕು. ಸೆರಗಿಗೆ ಬಿದ್ದದ್ದಕ್ಕೆ ಮರಳುವ ದಾರಿಯಿಲ್ಲ. ಯಾರ ಮನೆಯ ರೊಟ್ಟಿಯನ್ನು ನಾವು ಮರಳಿ ತಿನ್ನುತ್ತೇವೆಯೋ ಅವರನ್ನು ಮಾತ್ರ ಸರೀಕರೆಂದು ಒಪ್ಪಿದಂತೆ. ಹೀಗಾಗಿ ಒಂದು ಊರಿನಲ್ಲಿ ಸಮಾನತೆ ಎಲ್ಲಿಯವರೆಗೆ ಬಂದಿದೆ ಎಂದು ಅಳೆಯಲು ವೇದಿಕೆಯ ಭಾಷಣ ಕೇಳುವುದಕ್ಕಿಂತ, ಪಂಚಮಿಯ ದಿನ ಯಾವ ತಾಟು ಎಲ್ಲಿಗೆ ಹೋಗಿ, ಏನನ್ನು ಹೊತ್ತು ಮರಳಿತು ಎಂದು ನೋಡುವುದು ಸರಿಯಾದ ದಾರಿ. ಹನ್ನೆರಡನೆಯ ಶತಮಾನದಲ್ಲಿ ಶರಣರು ಕೂಡಿ ಉಣ್ಣುವುದನ್ನು ಮುಖ್ಯ ಮಾಡಿದ್ದು ಸುಮ್ಮನೆ ಅಲ್ಲ. ಗೆರೆ ದಾಟಿದ ತಾಟುಗಳೂ ನಮ್ಮಲ್ಲಿ ಇಲ್ಲದಿಲ್ಲ. ಮೊಹರಂ ದಿನಗಳಲ್ಲಿ ಅಲಾಯಿ ದೇವರಿಗೆ ಹಿಂದೂ ಮನೆಗಳವರು ನಡೆದುಕೊಳ್ಳುವುದು, ಚೊಂಗೆಯೆಂಬ ಸಿಹಿ ತಿನಿಸು ಓಣಿಯಲ್ಲೆಲ್ಲ ಹರಿದಾಡುವುದು ಉತ್ತರ ಕರ್ನಾಟಕದ ಹಳೆಯ ರೂಢಿ. ರಮಜಾನಿಗೆ ಸುರಕುಂಬಾ ಬಂದ ಡಬ್ಬಿಯಲ್ಲಿ ದೀಪಾವಳಿಗೆ ಕರ್ಚಿಕಾಯಿ ತುಂಬಿ ಹೋಗುತ್ತದೆ. ಹೋಗದೆ ಉಳಿದ ಬಾಗಿಲುಗಳಿಗೆ ತಾಟು ಒಯ್ಯುವುದು ಇಂದಿನವರ ಕೆಲಸ. ಒಂದು ಪದ್ಧತಿ ಅರ್ಧ ದಾರಿಗೆ ನಿಂತಿದ್ದರೆ ಅದನ್ನು ಪೂರ್ತಿ ನಡೆಸಬೇಕು, ಇದ್ದ ಅರ್ಧವನ್ನೂ ಅಳಿಸಬಾರದು.

ಎರಡನೆಯ ಆಕ್ಷೇಪ ಹೆಣ್ಣುಮಕ್ಕಳ ಬೆನ್ನುನೋವಿನದು. ರೊಟ್ಟಿ ಬೀರುವುದು ಚೆಂದ, ಬಡಿಯುವವರಿಗೆ ಗೊತ್ತು ಅದರ ಪಾಡು. ನಸುಕಿನಿಂದ ಒಲೆಯ ಮುಂದೆ ಕೂತು, ಹೊಗೆ ಕುಡಿದು, ಮನೆಯ ಮಂದಿಗೂ ಓಣಿಯ ಮಂದಿಗೂ ಸಾಲುವಷ್ಟು ರೊಟ್ಟಿ ಮಾಡುವುದು ಹಗುರ ಕೆಲಸವಲ್ಲ. ಕುಸುರೆಳ್ಳು ಮಾಡುವವರ ತಾಳ್ಮೆಯಂತೂ ಹೇಳತೀರದು. ಸಣ್ಣ ಉರಿಯ ಮೇಲೆ ಎಳ್ಳಿಗೆ ಹನಿಹನಿಯಾಗಿ ಸಕ್ಕರೆ ಪಾಕ ಬಿಡುತ್ತ, ಕೈಯಿಂದ ಆಡಿಸುತ್ತ, ಮುಳ್ಳು ಮೂಡುವವರೆಗೆ ದಿನಗಳೇ ಹಿಡಿಯುತ್ತವೆ. ಈ ದುಡಿತದ ಮೇಲೆ ನಿಂತ ನೆರೆತನವನ್ನು ಗಂಡಸರು ಹೊಗಳುವುದು ಸುಲಭ. ಆದರೆ ಅದೇ ಹೆಣ್ಣುಮಕ್ಕಳಿಗೆ ಈ ತಾಟು ಏನನ್ನು ಕೊಟ್ಟಿತ್ತು ಎಂಬುದನ್ನೂ ನೋಡಬೇಕು. ಹೊಸದಾಗಿ ನಡೆಯಲು ಬಂದ ಸೊಸೆಗೆ ಕಾರಣವಿಲ್ಲದೆ ಹೊಸ್ತಿಲು ದಾಟುವ ಅವಕಾಶ ಇಲ್ಲದಿದ್ದ ಕಾಲದಲ್ಲಿ ತಾಟು ಅವಳಿಗೆ ಹೊರಬೀಳುವ ಪರವಾನಿಗೆಯಾಗಿತ್ತು. ಆ ನೆವದಲ್ಲಿ ಅವಳು ಹತ್ತು ಅಡಿಗೆಮನೆಗಳನ್ನು ಕಂಡಳು, ಯಾರ ಅತ್ತೆ ಎಂಥವಳು ಎಂದು ತಿಳಿದಳು, ತನ್ನ ಊರಿನ ಕಡೆಯವಳೊಬ್ಬಳನ್ನು ಗುರುತು ಹಿಡಿದಳು. ಪಂಚಮಿ ತವರಿಗೆ ಹೋಗುವ ಹಬ್ಬ, ಜೋಕಾಲಿಯ ಹಬ್ಬ ಎಂದು ಹೆಣ್ಣುಮಕ್ಕಳು ಅದಕ್ಕಾಗಿ ಹಂಬಲಿಸುವುದರಲ್ಲಿ ಈ ಬಿಡುಗಡೆಯ ಪಾಲೂ ಇದೆ. ಇಂದು ಹೊರಬೀಳಲು ಅವರಿಗೆ ತಾಟಿನ ನೆವ ಬೇಕಿಲ್ಲ. ಹಾಗಾಗಿ ದುಡಿತವೂ ಹಂಚಿಹೋಗಬೇಕಾದದ್ದು ನ್ಯಾಯ. ಹುಬ್ಬಳ್ಳಿ ಧಾರವಾಡಗಳಲ್ಲಿ ರೊಟ್ಟಿ ಮಾಡಿ ಮಾರುವುದನ್ನೇ ಹೊಟ್ಟೆಪಾಡು ಮಾಡಿಕೊಂಡ ಹೆಣ್ಣುಮಕ್ಕಳು ಬಹಳ. ಅವರಿಂದ ಕೊಂಡ ರೊಟ್ಟಿಯನ್ನು ಬೀರಿದರೆ ಅದು ಬೀರಿದಂತಲ್ಲ ಎನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ. ರೊಟ್ಟಿ ಯಾರ ಕೈಯಲ್ಲಿ ಬೆಂದಿತು ಎನ್ನುವುದಕ್ಕಿಂತ ಯಾರ ಕೈಯಲ್ಲಿ ಬಾಗಿಲಿಗೆ ಬಂತು ಎಂಬುದು ಇಲ್ಲಿ ಮುಖ್ಯ. ಬಡಿಯಲು ಬಾರದ ಗಂಡಸರಿಗೆ ಒಯ್ಯಲು ಬರುತ್ತದೆ.

ನೆರೆಯವರೆಂದರೆ ಕಣ್ಣು, ಕಿವಿ, ಬಾಯಿ. ಅವರಿಂದ ದೂರವಿರುವುದೇ ನೆಮ್ಮದಿ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಸತ್ಯವಿದೆ. ಜಾತಿ ಮೀರಿ ಮದುವೆಯಾದವರಿಗೆ, ಗಂಡನನ್ನು ಬಿಟ್ಟು ಬಂದವಳಿಗೆ, ಓಣಿಯ ಕಣ್ಣು ಸೆರೆಮನೆಯಾದದ್ದುಂಟು. ಊರು ಬಿಟ್ಟು ನಗರಕ್ಕೆ ಬಂದ ಎಷ್ಟೋ ಜನ ಹುಡುಕಿಕೊಂಡು ಬಂದದ್ದು ಯಾರೂ ಕೇಳದಿರುವ ಸ್ವಾತಂತ್ರ್ಯವನ್ನೇ. ಅದನ್ನು ಕಸಿದುಕೊಳ್ಳುವ ಯಾವ ಕೂಟವೂ ಬೇಡ. ಆದರೆ ಎಲ್ಲ ರೂಢಿಗಳೂ ಒಂದೇ ಅಲ್ಲ. ಅರಿಷಿಣ ಕುಂಕುಮಕ್ಕೆ ಕರೆಯುವಾಗ ವಿಧವೆಯನ್ನು ಬಿಡುತ್ತಾರೆ. ಆ ಕರೆಯೇ ಅವಳಿಗೆ ಪ್ರತಿಸಲ ಒಂದು ಗಾಯ. ರೊಟ್ಟಿಗೆ ಮುತ್ತೈದೆಯೆಂಬ ಭೇದವಿಲ್ಲ, ಬನ್ನಿಗಿಲ್ಲ, ಚರಗದ ಬುತ್ತಿಗಿಲ್ಲ. ಉಳಿಸಿಕೊಳ್ಳಬೇಕಾದದ್ದನ್ನು ಆರಿಸಿಕೊಳ್ಳುವಾಗ ಈ ಭೇದ ಕಣ್ಣಮುಂದಿರಬೇಕು. ಇನ್ನು, ತಾಟು ಕೇಳುವುದು ಹೊಸ್ತಿಲಿನವರೆಗಿನ ಜಾಗವನ್ನು ಮಾತ್ರ. ಬಂದವರು ತಾಟು ಕೊಟ್ಟು, ಎರಡು ಮಾತಾಡಿ ಹೊರಡುತ್ತಾರೆ. ಒಳಗೆ ಬಾ ಎನ್ನುವುದು ಬಿಡುವುದು ಮನೆಯವರಿಗೆ ಸೇರಿದ್ದು. ಪೂರ್ತಿ ಅಪರಿಚಿತರಾಗಿಯೂ ಉಳಿಯದೆ, ಒಬ್ಬರ ಬದುಕಿನೊಳಗೆ ಇನ್ನೊಬ್ಬರು ಕೈಹಾಕದೆ ಇರಲು ಇದಕ್ಕಿಂತ ಹದವಾದ ಅಳತೆ ನನಗೆ ಕಾಣುವುದಿಲ್ಲ.

ಹೊಲವೇ ಹೋದ ಮೇಲೆ ಹೊಲದ ಹಬ್ಬ ಯಾಕೆ ಎಂಬ ಪ್ರಶ್ನೆ ಗೋಪನಕೊಪ್ಪದಂಥ ಊರುಗಳಿಗೆ ನೇರವಾಗಿ ತಾಗುವಂಥದ್ದು. ನಗರದ ಅಂಚಿನಲ್ಲಿ ಎರೆಹೊಲಗಳು ಬಡಾವಣೆಗಳಾಗುತ್ತ ಹೋದಂತೆ ಚರಗ ಚೆಲ್ಲುವ ನೆಲ ದೂರ ಸರಿಯುತ್ತದೆ. ಚರಗವೆಂದರೆ ಪೈರಿನ ನಡುವೆ ಐದು ಕಲ್ಲಿಟ್ಟು ಪೂಜಿಸಿ, ನಾಲ್ಕೂ ದಿಕ್ಕಿಗೆ ಎಡೆ ಚೆಲ್ಲಿ, ಬದುವಿನ ಮೇಲೆ ಕೂತು ಉಣ್ಣುವುದು. ಸೈಟಿನ ಕಾಂಕ್ರೀಟಿನ ಮೇಲೆ ಅದಕ್ಕೆ ಅರ್ಥವಿಲ್ಲ ಎನ್ನುವುದು ಮೇಲ್ನೋಟಕ್ಕೆ ಸರಿಯೇ. ಆದರೆ ಹೊಲವಿದ್ದ ಕಾಲದಲ್ಲೂ ಎಲ್ಲರಿಗೂ ಹೊಲವಿರಲಿಲ್ಲ ಎಂಬುದನ್ನು ನೆನಪಿಡಬೇಕು. ಚರಗಕ್ಕೆ ಹೊರಟ ಚಕ್ಕಡಿಯಲ್ಲಿ ಹೊಲವಿಲ್ಲದ ನೆರೆಯವರು, ಓಣಿಯ ಹುಡುಗರು, ಪರಿಚಯದ ಮಾಸ್ತರರು ಹತ್ತಿಕೊಳ್ಳುತ್ತಿದ್ದರು. ಕರೆದುಕೊಂಡು ಹೋ‌ಗುವುದೇ ರೂಢಿಯಾಗಿತ್ತು. ಹೊಲವುಳ್ಳವರ ಹಬ್ಬದಲ್ಲಿ ಹೊಲವಿಲ್ಲದವರಿಗೆ ಜಾಗವಿತ್ತು. ಇಂದು ಕಾರಿನಲ್ಲೋ ಟೆಂಪೋದಲ್ಲೋ ಬುತ್ತಿ ಕಟ್ಟಿಕೊಂಡು ಬೇರೆಯವರ ಹೊಲಕ್ಕೆ ಹೋಗುವ ನಗರದ ಮಂದಿ ಅದೇ ರೂಢಿಯ ಮುಂದಿನ ಹೆಜ್ಜೆ. ಗೇಟಿನಾಚೆಯ ಹೊಸ ಮನೆಯವರನ್ನೂ ಆ ವಾಹನದಲ್ಲಿ ಹತ್ತಿಸಿಕೊಂಡರೆ ಕೊಪ್ಪ ಇನ್ನೂ ಕೊಪ್ಪವಾಗಿದೆ ಎಂದು ಧೈರ್ಯವಾಗಿ ಹೇಳಬಹುದು. ಬನ್ನಿಗಿಡ ಕಡಿದುಹೋದ ಕಡೆ ಬಡಾವಣೆಯ ಉದ್ಯಾನದಲ್ಲಿ ಒಂದು ಬನ್ನಿ ನೆಟ್ಟರೆ ಅದು ಬರಗಾಲವನ್ನೂ ತಾಳಿಕೊಂಡು ಬೆಳೆಯುತ್ತದೆ. ಆ ಮರಕ್ಕೆ ಬೇಕಾದ್ದು ಕಡಿಮೆ.

ಇಷ್ಟೆಲ್ಲ ಯಾಕೆ, ಫೋನಿನಲ್ಲಿ ಶುಭಾಶಯ ಹೋಗುತ್ತದಲ್ಲ ಎನ್ನುವವರಿಗೆ ಒಂದೇ ಮಾತು. ಫೋನಿನ ಶುಭಾಶಯ ನಮಗೆ ಈಗಾಗಲೇ ಬೇಕಾದವರಿಗೆ ಹೋಗುತ್ತದೆ. ತಾಟು ಗೋಡೆಯನ್ನು ನೋಡಿ ಹೋಗುತ್ತದೆ. ಬೇಕಾದವರು ಬೇಡದವರು ಎಂದು ನೋಡುವುದಿಲ್ಲ. ಗೆಳೆಯರನ್ನು ನಾವು ಆರಿಸಿಕೊಳ್ಳುತ್ತೇವೆ, ನೆರೆಯವರು ನಮಗೆ ಒದಗಿ ಬರುತ್ತಾರೆ. ಒದಗಿ ಬಂದವರ ಜೊತೆ ಬಾಳುವುದನ್ನು ಕಲಿಸುವ ಉಪಾಯಗಳು ನಮ್ಮಲ್ಲಿ ಹೆಚ್ಚಿಲ್ಲ.

ಫೋನಿಗಿಂತ ನನಗೆ ಹೆಚ್ಚು ಆತಂಕ ತರುವುದು ಬಳಸಿ ಬಿಸಾಡುವ ತಟ್ಟೆ. ನಮ್ಮ ಮನೆಗಳ ಸ್ಟೀಲಿನ ತಾಟು, ಡಬ್ಬಿ, ತಂಬಿಗೆಗಳ ಅಂಚಿನಲ್ಲಿ ಹೆಸರು ಕೊರೆಸುವ ಪದ್ಧತಿ ಇದೆಯಲ್ಲ, ಅದನ್ನು ಗಮನಿಸಿ. ಮುಯ್ಯಿ ಬಂದದ್ದಾದರೆ ಕೊಟ್ಟವರ ಹೆಸರು ಮತ್ತು ತಾರೀಖು, ಕೊಂಡದ್ದಾದರೆ ಮನೆಯ ಯಜಮಾನರ ಹೆಸರು. ಮನೆಯೊಳಗೇ ಉಳಿಯುವ ಪಾತ್ರೆಗೆ ಹೆಸರು ಯಾಕೆ ಬೇಕು? ಪಾತ್ರೆ ಮನೆ ಬಿಟ್ಟು ಹೋಗುತ್ತದೆ, ಬೇರೆ ಪಾತ್ರೆಗಳ ಜೊತೆ ಬೆರೆಯುತ್ತದೆ, ಮತ್ತೆ ಮರಳಬೇಕಾಗುತ್ತದೆ ಎಂಬ ಭರವಸೆಯ ಮೇಲೆ ಆ ಅಕ್ಷರಗಳು ಮೂಡಿವೆ. ತೆಳ್ಳನೆಯ ಕಾಗದದ ತಟ್ಟೆಯಲ್ಲೋ ಪ್ಲಾಸ್ಟಿಕ್ ಡಬ್ಬಿಯಲ್ಲೋ ಹಾಕಿ ಕೊಟ್ಟಾಗ, ತೊಳೆದು ಕೊಡುವ ತೊಂದರೆ ಬೇಡವೆಂದು ನಾವು ಉಪಕಾರ ಮಾಡಿದ್ದೇವೆ ಎಂದುಕೊಳ್ಳುತ್ತೇವೆ. ಆದರೆ ಅದರೊಂದಿಗೆ ಅವರು ನಮ್ಮ ಬಾಗಿಲಿಗೆ ಬರಬೇಕಾದ ಕಾರಣವನ್ನೂ ತೆಗೆದುಹಾಕಿದ್ದೇವೆ. ಪರಊರಿನಿಂದ ಬಂದ ಬಾಡಿಗೆ ಮನೆಯವರಿಗೆ ತಾಟನ್ನು ಬರಿದಾಗಿ ಮರಳಿಸಬಾರದೆಂಬ ನಮ್ಮ ರೂಢಿ ತಿಳಿದಿರಲಿಕ್ಕಿಲ್ಲ. ಅವರು ತೊಳೆದು ಒರೆಸಿ ಬರಿದಾಗಿಯೇ ಕೊಟ್ಟಾರು. ಕೊಡಲಿ. ಮುಂದಿನ ಹಬ್ಬಕ್ಕೆ ಅದೇ ತಾಟು ಮತ್ತೆ ಹೋಗಲಿ. ಅದರ ನಂತರದ ಹಬ್ಬಕ್ಕೆ ಅದರಲ್ಲಿ ಅವರ ಊರಿನ ತಿನಿಸೊಂದು ಬಂದಾಗ, ಆ ಮನೆಯ ಅಡಿಗೆಮನೆಯ ಹಲಗೆಯ ಮೇಲೆ ನಮ್ಮ ಹೆಸರಿನ ತಾಟು ಕೆಲವು ದಿನ ಕಾದಿತ್ತು ಎಂದು ತಿಳಿಯುತ್ತದೆ.